ಮೆತ್ತಗಿನ ಮೀಟ್‌ಲೋಫ್

ತಮಗೆ ಅಡುಗೆ ಬರುವುದಿಲ್ಲ ಎಂದು ಹೇಳಿಕೊಂಡು ತಿರುಗುವ ಗಂಡಸರನ್ನು ಕಂಡರೆ ನನಗೆ ಆಗುವುದಿಲ್ಲ. ಅದರಲ್ಲೊಂದು ಬಗೆಯ ಜಂಬವಿರುತ್ತದೆ. ನನ್ನದು ಅಡುಗೆ ಬರುತ್ತದೆ ಎನ್ನುವ ಜಂಬ, ಮತ್ತು ಅದು ನನಗೆ ಅಡುಗೆ ಬರುವುದಕ್ಕಿಂತ ಬಹಳ ಮೊದಲೇ ಬಂದಿತ್ತು. ವಕೀಲಿ ವೃತ್ತಿಯಲ್ಲಿ ಇಂಥ ಸ್ವಭಾವದಿಂದ ದೊಡ್ಡ ಅನುಕೂಲವುಂಟು. ಕಡತ ಸರಿಯಾಗಿ ಓದದೆ ಎದ್ದು ನಿಂತವನೂ ಸ್ವರ ಗಟ್ಟಿಯಿದ್ದರೆ ಅರ್ಧ ದಾರಿ ದಾಟಿಬಿಡಬಹುದು. ಸರಕಾರದ ಪರವಾಗಿ ವಾದಿಸುತ್ತ ಕೊಚ್ಚಿಯಲ್ಲಿ ನಾನು ಎಷ್ಟೋ ವರ್ಷ ಹಾಗೆಯೇ ದಾಟಿದ್ದೇನೆ. ಒಲೆಯ ಮುಂದೆ ಸ್ವರಕ್ಕೆ ಬೆಲೆಯಿಲ್ಲ ಎಂದು ತಿಳಿಯಲು ಒಂದು ಮೀಟ್‌ಲೋಫ್ ಬೇಕಾಯಿತು.

ಮೀಟ್‌ಲೋಫ್ ಎಂದರೆ ಹೆಚ್ಚೇನಲ್ಲ. ಕೊಚ್ಚಿದ ಮಾಂಸಕ್ಕೆ ಬ್ರೆಡ್ಡು, ಮೊಟ್ಟೆ, ಈರುಳ್ಳಿ ಸೇರಿಸಿ ಅಚ್ಚಿನಲ್ಲಿ ತುಂಬಿ ಓವನ್ನಿನಲ್ಲಿ ಬೇಯಿಸಿ, ಬ್ರೆಡ್ಡಿನ ಹಾಗೆಯೇ ಹೋಳು ಮಾಡಿ ತಿನ್ನುವ ವಿದೇಶಿ ಪದಾರ್ಥ. ಕಾಸರಗೋಡಿನಲ್ಲಿ ಕೋಳಿಸಾರು, ಬಂಗುಡೆ ಪುಳಿಮುಂಚಿ ತಿಂದು ಬೆಳೆದ ನನಗೆ ಅದರ ಹೆಸರು ಕೂಡ ಗೊತ್ತಿರಲಿಲ್ಲ. ಹೆಸರು ಮನೆಗೆ ತಂದವಳು ಮಗಳು ಅನು. ನನ್ನ ಹೆಂಡತಿ ಶಶಿಕಲಾ ಬ್ಯಾಂಕಿನವಳು. ಅವಳಿಗೆ ತಿರುವನಂತಪುರಕ್ಕೆ ವರ್ಗವಾಗಿ, ಅಲ್ಲೊಂದು ಸಣ್ಣ ಫ್ಲಾಟು ಹಿಡಿದು, ಶುಕ್ರವಾರ ಸಂಜೆ ರೈಲಿನಲ್ಲಿ ಬಂದು ಭಾನುವಾರ ಹೋಗುವ ಏರ್ಪಾಡು ಶುರುವಾಗಿತ್ತು. ವಾರದ ಉಳಿದ ದಿನ ಕೊಚ್ಚಿಯ ಕಲೂರಿನ ನಮ್ಮ ಮನೆಯಲ್ಲಿ ನಾನು ಮತ್ತು ಎಂಟನೇ ತರಗತಿಯ ಅನು. ಅಡುಗೆಯ ಭಾರವನ್ನು ನಾನು ಸಂತೋಷದಿಂದಲೇ ವಹಿಸಿಕೊಂಡೆ. ಎರಡನೆಯ ವಾರದಿಂದ ಅನುವಿಗೆ ರಾತ್ರಿ ಹಸಿವು ನಿಂತುಹೋಯಿತು.

"ವಿಶಪ್ಪಿಲ್ಲ ಪಪ್ಪಾ," ಎನ್ನುವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವುದು ಅವಳು ಮಾತು ಕಲಿತಂದಿನಿಂದ ನಡೆದುಬಂದ ಕ್ರಮ. ಹಸಿವಿಲ್ಲದ ಹುಡುಗಿಯ ಕೆನ್ನೆ ಮಾತ್ರ ದಿನದಿಂದ ದಿನಕ್ಕೆ ತುಂಬುತ್ತಿತ್ತು. ವಿಚಾರಿಸಿದಾಗ ತಿಳಿಯಿತು, ಶಾಲೆ ಬಿಟ್ಟು ಬಂದವಳು ನಾನು ಆಫೀಸಿನಿಂದ ಬರುವವರೆಗೆ ಪಕ್ಕದ ಮನೆಯ ಅನ್ನಮ್ಮ ಚೇಚಿಯಲ್ಲಿ, ಎಂದರೆ ಅನ್ನಮ್ಮಕ್ಕನಲ್ಲಿ, ಇರುತ್ತಾಳೆ, ಅಲ್ಲೇ ತಿನ್ನುತ್ತಾಳೆ. ಅನ್ನಮ್ಮ ಚೇಚಿಯ ಗಂಡ ಅಂಬಲಮುಗಳಿನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದು ನಿವೃತ್ತರಾದವರು. ಅಲ್ಲಿನ ಕ್ವಾರ್ಟರ್ಸಿನಲ್ಲಿದ್ದಾಗ ವಿದೇಶಿ ಇಂಜಿನಿಯರೊಬ್ಬರ ಹೆಂಡತಿಯಿಂದ ಚೇಚಿ ಈ ಮೀಟ್‌ಲೋಫ್ ಕಲಿತರಂತೆ. ಅನುವಿನ ಬಾಯಲ್ಲಿ ಅದರ ವರ್ಣನೆ ಮುಗಿಯುತ್ತಲೇ ಇರಲಿಲ್ಲ. ಅದು ಯಾವ ಮಾಂಸದ್ದೆಂದು ನಾನು ಕೇಳಲಿಲ್ಲ. ಯಾವ ಪ್ರಶ್ನೆ ಕೇಳಬಾರದೆಂದು ಗೊತ್ತಿಲ್ಲದವನು ವಕೀಲನಾಗಬಾರದು.

ಇಷ್ಟಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಜನವರಿಯಲ್ಲಿ ಶಶಿಕಲಾ ಒಂದು ಮಾತು ಎತ್ತಿದಳು. "ಒಂಬತ್ತನೇ ಕ್ಲಾಸಿಗೆ ಅವಳನ್ನು ನಾನು ಅಲ್ಲಿಗೆ ಕರ್ಕೊಂಡು ಹೋಗ್ತೇನೆ. ಶಾಲೆಯಲ್ಲಿ ಸೀಟು ಉಂಟಂತೆ. ನೀವು ಮಾಡಿ ಹಾಕುವುದನ್ನು ತಿಂದು ಆ ಮಗು ಎಷ್ಟು ದಿವಸ ಅಂತ ಇರುವುದು?" ಎಂದಳು. ನಾನು ಆಕ್ಷೇಪಣೆ ಎತ್ತಿದೆ. ಬಹಳ ಚರ್ಚೆಯಾಗಿ, ಎಲ್ಲಿರಬೇಕೆಂದು ಅನುವೇ ಹೇಳಲಿ, ಪರೀಕ್ಷೆ ಮುಗಿದ ಮೇಲೆ ಅವಳ ಮಾತೇ ಅಂತಿಮ ಎಂದು ತೀರ್ಮಾನವಾಯಿತು. ನನಗೆ ಅವಳು ಬೇಕಿತ್ತು. ಬೆಳಿಗ್ಗೆ ಅವಳು ರೇಡಿಯೋ ಜೋರು ಮಾಡುವುದು, ಬಾತ್‌ರೂಮಿನ ಬಾಗಿಲು ಬಡಿದರೂ ತೆರೆಯದಿರುವುದು, ನನ್ನ ಕಪ್ಪು ಕೋಟು ಹಾಕಿಕೊಂಡು ನನ್ನ ಹಾಗೆ ಕೆಮ್ಮಿ ತೋರಿಸುವುದು, ಇದೆಲ್ಲ ಇಲ್ಲದ ಮನೆಯನ್ನು ಯೋಚಿಸಿದರೆ ಎದೆ ಒಂದು ಸಲ ಕುಸಿಯುತ್ತಿತ್ತು. ಆದರೆ ಕುಸಿದ ಎದೆಯನ್ನು ಎದುರು ಪಕ್ಷಕ್ಕೆ ತೋರಿಸುವವನಲ್ಲ ನಾನು. ಸಮಸ್ಯೆ ಊಟದ್ದು, ಪರಿಹಾರ ಮೀಟ್‌ಲೋಫ್ ಎಂದು ನಿರ್ಧರಿಸಿದೆ. ಅನ್ನಮ್ಮ ಚೇಚಿಯ ಮೀಟ್‌ಲೋಫಿಗಿಂತ ಒಂದು ತೂಕ ಮೇಲಾದದ್ದನ್ನು ನಾನು ಮಾಡಿಟ್ಟರೆ ಹುಡುಗಿ ಯಾವ ತಿರುವನಂತಪುರಕ್ಕೆ ಹೋದಾಳು?

ನಮ್ಮಲ್ಲಿ ಆಡಿನ ಮಾಂಸ, ಇಲ್ಲಿಯವರ ಆಟ್ಟಿರಚ್ಚಿ, ನಡೆಯುತ್ತದೆ. ಭಾನುವಾರ ಶಶಿಕಲಾಳನ್ನು ರೈಲು ಹತ್ತಿಸಿ, ಕಲೂರಿನ ಮಾಂಸದಂಗಡಿಗೆ ಹೋಗಿ ಒಳ್ಳೆಯ ಆಟ್ಟಿರಚ್ಚಿ, ಒಂದು ಚೂರೂ ಕೊಬ್ಬಿಲ್ಲದೆ, ಸಣ್ಣಗೆ ಕೊಚ್ಚಿ ಕೊಡಲು ಹೇಳಿದೆ. ಕೊಬ್ಬಿಲ್ಲದ ಮಾಂಸ ಕೇಳುವುದೇ ತಿಳಿದವರ ಲಕ್ಷಣವೆಂದು ನಮ್ಮ ತಂದೆಯ ಕಾಲದಿಂದ ನಂಬಿಕೊಂಡು ಬಂದಿದ್ದೇವೆ. ಮನೆಗೆ ತಂದು ತೊಳೆದೆ. ಮಾಂಸ ಎಂದರೆ ಅರಿಶಿನ ಹಚ್ಚಿ, ನೀರು ತಿಳಿಯಾಗುವವರೆಗೆ ತೊಳೆಯಬೇಕು. ಹಾಗೆ ತೊಳೆಯದವರ ಮನೆಯಲ್ಲಿ ನನ್ನ ಅಮ್ಮ ನೀರೂ ಕುಡಿಯುತ್ತಿರಲಿಲ್ಲ. ಕೊಚ್ಚಿದ ಮಾಂಸದ ನೀರು ಬೇಗ ತಿಳಿಯಾಗುವುದಿಲ್ಲ. ಜರಡಿಯಲ್ಲಿ ಹಾಕಿ ನಲ್ಲಿಯ ಕೆಳಗೆ ಹಿಡಿದು, ಹಿಂಡಿ, ಮತ್ತೆ ಹಿಡಿದು, ಕೊನೆಗೆ ಅದು ಒಗೆದ ಬಟ್ಟೆಯಂತೆ ಬೆಳ್ಳಗಾದಾಗ ನನಗೆ ತೃಪ್ತಿಯಾಯಿತು.

ಆಮೇಲೆ ಬಂದದ್ದು ಅರೆಯುವ ಪ್ರಶ್ನೆ. ಕರಾವಳಿಯವರಿಗೆ ಅರೆಯದೆ ಇರುವ ಪದಾರ್ಥದ ಮೇಲೆ ಮೂಲತಃ ನಂಬಿಕೆಯಿಲ್ಲ. ಅಕ್ಕಿಯಿರಲಿ, ಕಾಯಿಯಿರಲಿ, ಮಸಾಲೆಯಿರಲಿ, ನುಣ್ಣಗೆ ಅರೆದರೆ ಎಲ್ಲವೂ ಮೆತ್ತಗಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನಿಸದ ಸಂಗತಿ. ಮೀಟ್‌ಲೋಫ್ ಮೆತ್ತಗಿರಬೇಕು ಎಂದು ಅನು ಹೇಳಿದ್ದಳು. ಆದ್ದರಿಂದ ತೊಳೆದ ಮಾಂಸವನ್ನು ಇಡ್ಲಿ ಹಿಟ್ಟಿನ ಗ್ರೈಂಡರಿಗೆ ಹಾಕಿದೆ. ಕಲ್ಲು ತಿರುಗಿತು. ಈರುಳ್ಳಿ, ಮೊಟ್ಟೆ, ಒಣ ಬ್ರೆಡ್ಡಿನ ಪುಡಿ, ಒಂದು ಹಿಡಿ ಕಾಯಿತುರಿಯೂ ತಿರುಗಿದವು. ಉದ್ದಿನ ಹಿಟ್ಟಿನಂತೆ ನೊರೆಯೆದ್ದ ಆ ಮುದ್ದೆಯನ್ನು ಅಚ್ಚಿಗೆ ತುಂಬಿ, ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟು ಅಟ್ಟ ಸೇರಿದ್ದ ಗುಂಡಗಿನ ಅಲ್ಯೂಮಿನಿಯಂ ಓವನ್ನನ್ನು ಇಳಿಸಿ, ಅದರಲ್ಲಿಟ್ಟೆ.

ಹೊರಬಂದದ್ದನ್ನು ಕತ್ತರಿಸಲು ಮೀನಿನ ಕತ್ತಿ ಬೇಕಾಯಿತು. ಅನು ಒಂದು ತುಂಡನ್ನು ಬಹಳ ಹೊತ್ತು ಬಾಯಲ್ಲಿ ಆಡಿಸಿ, "ರಬ್ಬರ್ ಪೋಲೆ ಉಂಡ್," ಎಂದು ಮೃದುವಾಗಿ ಹೇಳಿದಳು. ರಬ್ಬರಿನ ಹಾಗಿದೆ ಎನ್ನುವುದಕ್ಕೆ ಕೇರಳದಲ್ಲಿ ಸಾಕ್ಷಿ ಬೇಕಾಗಿಲ್ಲ. ರುಚಿಯ ಬಗ್ಗೆ ಅವಳು ಏನೂ ಹೇಳಲಿಲ್ಲ. ರುಚಿಯನ್ನು ನಾನು ನಲ್ಲಿಯ ಕೆಳಗೇ ಬಿಟ್ಟು ಬಂದಿದ್ದೆ. ಮುಂದಿನ ಶುಕ್ರವಾರ ಬಂದ ಶಶಿಕಲಾ ಉಳಿದದ್ದನ್ನು ಫ್ರಿಜ್ಜಿನಲ್ಲಿ ಕಂಡು, "ಇದೆಂತ, ಬಾಗಿಲಿಗೆ ಅಡ್ಡ ಇಡುವುದಾ?" ಎಂದು ಕೇಳಿದಳು. ಅವಳು ಗೆಲ್ಲುವ ಪಕ್ಷದ ಹಾಗೆ ಮಾತಾಡುತ್ತಿದ್ದಾಳೆ ಎಂದು ಗಮನಿಸಿಕೊಂಡೆ.

ಮೊದಲ ತೀರ್ಪು ವಿರುದ್ಧವಾದರೆ ಮೇಲ್ಮನವಿ ಇದ್ದೇ ಇದೆ. ಅನ್ನಮ್ಮ ಚೇಚಿಯನ್ನು ನೇರವಾಗಿ ಕೇಳಿದ್ದರೆ ಒಂದು ಸಂಜೆಯಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಯಾರನ್ನು ಸೋಲಿಸಬೇಕೆಂದು ಹೊರಟಿದ್ದೇನೋ ಅವರ ಹತ್ತಿರವೇ ಉಪಾಯ ಕೇಳುವುದು ನಾಚಿಕೆಗೇಡು. ಬದಲಿಗೆ ಪ್ರತ್ಯಕ್ಷ ಸಾಕ್ಷಿಯನ್ನು ವಿಚಾರಣೆ ಮಾಡಲು ಹೊರಟೆ. ಊಟಕ್ಕೆ ಕೂತಾಗ, ಯಾವ ಉದ್ದೇಶವೂ ಇಲ್ಲದವನಂತೆ ಕೇಳುವೆ: "ಚೇಚಿ ಮಾಂಸ ತೊಳೆಯುವುದಿಲ್ಲವಾ?" ಅನು ಹೇಳುವಳು, ತೊಳೆಯುತ್ತಾರೆ, ಆದರೆ ಇಡೀ ತುಂಡನ್ನು, ಕೊಚ್ಚುವ ಮೊದಲು. ಕೊಚ್ಚಿದ ಮೇಲೆ ನೀರು ತಾಗಿಸುವುದಿಲ್ಲ. "ಕೊಬ್ಬು ತೆಗೆಯುತ್ತಾರಲ್ಲ?" ಇಲ್ಲ ಪಪ್ಪಾ, ಬೇಕೆಂದೇ ಸ್ವಲ್ಪ ಸೇರಿಸುತ್ತಾರೆ. "ಅರೆಯುವುದು?" ಅವಳು ನಕ್ಕು, ಬೆರಳ ತುದಿಯಿಂದ ಮೆಲ್ಲಗೆ ಬೆರೆಸುವುದನ್ನು ಗಾಳಿಯಲ್ಲಿ ತೋರಿಸಿದಳು. ಜಾಸ್ತಿ ನಾದಿದರೆ ಗಟ್ಟಿಯಾಗುತ್ತದಂತೆ. ಕೆಲವು ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, ಮರುದಿನ ತಾನಾಗಿಯೇ ತಂದು ಹೇಳುವಳು. ಬ್ರೆಡ್ಡಿನ ಪುಡಿಯಲ್ಲ, ಬ್ರೆಡ್ಡನ್ನೇ ಹಾಲಿನಲ್ಲಿ ನೆನೆಸಿ ಹಿಂಡದೆ ಹಾಕುವುದು. ಈರುಳ್ಳಿ ಹಸಿಯಲ್ಲ, ಬಾಡಿಸಿ ಆರಿಸಿದ್ದು. ಇಷ್ಟು ಸಲೀಸಾಗಿ ಬಾಯಿಬಿಡುವ ಸಾಕ್ಷಿಯನ್ನು ನನ್ನ ವೃತ್ತಿಯಲ್ಲೇ ಕಂಡಿರಲಿಲ್ಲ. ಎಲ್ಲ ನನ್ನ ಪ್ರಶ್ನೆ ಕೇಳುವ ಜಾಣತನ ಎಂದುಕೊಂಡೆ.

ಎರಡನೆಯ ಲೋಫು ಹೋಳಾಗುವಷ್ಟಾಯಿತು. ಮೂರನೆಯದು ಮೇಲೆ ಒಣಗಿ ಒಳಗೆ ಚೆನ್ನಾಗಿತ್ತು. ಅದಕ್ಕೆ ಪರಿಹಾರ ನನ್ನದೇ ಸ್ವಂತ, ಯಾರ ಹತ್ತಿರವೂ ಕಲಿತದ್ದಲ್ಲ: ಬಾಳೆಲೆಯನ್ನು ಬಾಡಿಸಿ ಅಚ್ಚಿನ ಮೇಲೆ ಮುಚ್ಚುವುದು, ಕೊನೆಯಲ್ಲಿ ಮಾತ್ರ ತೆಗೆಯುವುದು. ಆವಿ ಒಳಗೇ ಉಳಿಯುತ್ತದೆ, ಎಲೆಯ ಪರಿಮಳವೂ ಸೇರುತ್ತದೆ. ಕಾಳುಮೆಣಸು, ಬಡೆಸೊಪ್ಪು, ಹುರಿದ ಕೊತ್ತಂಬರಿ ಜಜ್ಜಿ ಹಾಕಿದೆ. ಮೇಲೆ ಸವರಲು ಚೇಚಿ ಟೊಮೆಟೊ ಸಾಸು ಬಳಸುತ್ತಾರಂತೆ. ನಾನು ಟೊಮೆಟೊ, ಹುಣಿಸೆಹುಳಿ, ಬೆಲ್ಲ ಕುದಿಸಿ ಗೊಜ್ಜು ಮಾಡಿದೆ. ಆ ಗೊಜ್ಜಿನ ವಿಷಯದಲ್ಲಿ ನನಗೆ ವಿನಯವಿಲ್ಲ, ಇರಬೇಕಾಗಿಯೂ ಇಲ್ಲ.

ಪರೀಕ್ಷೆ ಮುಗಿದ ಶನಿವಾರ ಅಂತಿಮ ವಿಚಾರಣೆ. ಶಶಿಕಲಾ ಬಂದಿದ್ದಳು. ಅನ್ನಮ್ಮ ಚೇಚಿಯನ್ನು ನಾನೇ ಕರೆದಿದ್ದೆ. ಸೋಲುವವರು ತೀರ್ಪಿನ ದಿನ ಹಾಜರಿರಬೇಕಲ್ಲ. ಲೋಫನ್ನು ಓವನ್ನಿನಿಂದ ತೆಗೆದು ಕತ್ತಿ ಎತ್ತಿದ್ದೆ, ಅಷ್ಟರಲ್ಲಿ ಸಂಜೆಯ ಲೋಡ್‌ಶೆಡ್ಡಿಂಗಿನ ಅರ್ಧ ಗಂಟೆ ಶುರುವಾಗಿ ಕರೆಂಟು ಹೋಯಿತು. "ಕತ್ತಲೆಯಲ್ಲಿ ಕೈ ಕೊಯ್ದುಕೊಳ್ಳಬೇಡಿ ಮಾರಾಯ್ರೆ, ಬಿಡಿ ಅಲ್ಲೇ," ಎಂದು ಶಶಿಕಲಾ ಕತ್ತಿ ಕಿತ್ತುಕೊಂಡಳು. ಮೇಣದ ಬತ್ತಿ ಹಚ್ಚಿ ನಾಲ್ವರೂ ಅದರ ಸುತ್ತ ಕೂತೆವು. ಲೋಫು ಸುಮ್ಮನೆ ಆರುತ್ತ ತನ್ನ ರಸವನ್ನು ತಾನೇ ಹೀರಿಕೊಂಡಿತು. ಬಿಸಿಯಿದ್ದಾಗಲೇ ಕತ್ತರಿಸಿದರೆ ರಸವೆಲ್ಲ ತಟ್ಟೆಗೆ ಹರಿದುಹೋಗುತ್ತದೆ, ಕಾಯಬೇಕು ಎಂಬುದು ಈಗ ನಾನು ಎಲ್ಲರಿಗೂ ಕೊಡುವ ಮುಖ್ಯ ಸಲಹೆ. ವಿದ್ಯುತ್ ಇಲಾಖೆಯ ಪಾಲನ್ನು ಅದರಲ್ಲಿ ಹೇಳುವುದಿಲ್ಲ.

ಕರೆಂಟು ಬಂದ ಮೇಲೆ ಕತ್ತರಿಸಿದೆ. ಹೋಳು ಮುರಿಯದೆ, ತೇವವಾಗಿ, ಮೆತ್ತಗೆ ಒರಗಿತು. ಅನ್ನಮ್ಮ ಚೇಚಿ ಒಂದು ಚೂರು ತಿಂದು, ಕಣ್ಣು ಮುಚ್ಚಿ, ಗೊಜ್ಜನ್ನು ಇನ್ನೊಂದು ಚಮಚ ಹಾಕಿಕೊಂಡರು. "ಸಾರೇ, ಈ ಗೊಜ್ಜು ಹೇಗೆ ಮಾಡಿದ್ದೆಂದು ನನಗೆ ಹೇಳಿಕೊಡಬೇಕು," ಎಂದರು. ಶಶಿಕಲಾ ಎರಡನೆಯ ಹೋಳಿಗೆ ಕೈ ಹಾಕಿದಳು. ಅನು ಮೂರು ತಿಂದಳು. ಇನ್ನು ತಡಮಾಡುವುದು ಬೇಡವೆಂದು ನಾನು ಬಾಯಿ ಒರೆಸಿಕೊಂಡು ಕೇಳಿಯೇಬಿಟ್ಟೆ: "ಹೇಳು ಅನು. ಜೂನಿನಿಂದ ಎಲ್ಲಿ? ಇಲ್ಲೋ, ಅಮ್ಮನ ಹತ್ತಿರವೋ?"

"ತಿರುವನಂತಪುರಂ," ಎಂದಳು.

ನನಗೆ ಸರಿಯಾಗಿ ಕೇಳಿಸಲಿಲ್ಲವೆಂದೇ ಅಂದುಕೊಂಡೆ. ಮೀಟ್‌ಲೋಫ್ ಚೆನ್ನಾಗಿಲ್ಲವೇ ಎಂದು ಕೇಳಿದೆ.

"ನಲ್ಲದಾ ಪಪ್ಪಾ. ಅದುಕೊಂಡಲ್ಲೇ," ಎಂದಳು. ಚೆನ್ನಾಗಿದೆ, ಅದಕ್ಕೇ ಅಲ್ಲವೇ. "ಇನಿ ಪಪ್ಪ ಪಟ್ಟಿಣಿ ಕಿಡಕ್ಕಿಲ್ಲಲ್ಲೋ." ಇನ್ನು ಅಪ್ಪ ಉಪವಾಸ ಬೀಳುವುದಿಲ್ಲವಲ್ಲ, ಎಂದು.

ಆಗ ಅನ್ನಮ್ಮ ಚೇಚಿ ಹೇಳಿದರು. ಜನವರಿಯಿಂದಲೂ ಹುಡುಗಿಗೆ ಅಮ್ಮನ ಹತ್ತಿರ ಹೋಗುವ ಆಸೆ. ಆದರೆ ತಾನು ಹೋದರೆ ಪಪ್ಪ ಬ್ರೆಡ್ಡು ತಿಂದು ಮಲಗುತ್ತಾರೆ, ಹೇಗೆ ಬಿಟ್ಟುಹೋಗಲಿ ಎಂದು ಅವರ ಅಡುಗೆಮನೆಯಲ್ಲಿ ಒಂದು ಸಲ ಅತ್ತಿದ್ದಳಂತೆ. ಆಮೇಲೆ ನಾನು ಮೀಟ್‌ಲೋಫಿನ ಪ್ರಶ್ನೆ ಕೇಳಲು ಶುರುಮಾಡಿದ ಮೇಲೆ, ಪ್ರತಿ ಸಂಜೆ ನನ್ನ ಸಂದೇಹಗಳನ್ನು ಅವರಲ್ಲಿಗೆ ಒಯ್ದು, ಉತ್ತರ ತಂದು, ನನಗೆ ಗೊತ್ತಾಗದಂತೆ ಪಾಠ ಮಾಡಿಸಿದ್ದಳು. ನಾನು ಅವಳನ್ನು ವಿಚಾರಣೆ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಅಷ್ಟೂ ದಿನ ಅವಳು ನನ್ನನ್ನು ತಯಾರು ಮಾಡುತ್ತಿದ್ದಳು. ನನಗೆ ದುಃಖವಾಯಿತು, ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು, ಕೊನೆಗೆ ಎರಡೂ ಸೇರಿ ಕಣ್ಣಿಗೆ ಬಂದಾಗ ಕಾಳುಮೆಣಸು ಜಾಸ್ತಿಯಾಯಿತು ಎಂದೆ. "ನೀವು ಇದನ್ನು ಮೊದಲೇ ಕಲಿತಿದ್ದರೆ ನಾನು ಅವಳನ್ನು ಕಳೆದ ವರ್ಷವೇ ಕರ್ಕೊಂಡು ಹೋಗುತ್ತಿದ್ದೆ," ಎಂದಳು ಶಶಿಕಲಾ, ನೀರಿನ ಲೋಟ ನನ್ನ ಕಡೆ ತಳ್ಳುತ್ತ.

ಈಗ ಶುಕ್ರವಾರ ಸಂಜೆಯ ರೈಲು ಹತ್ತುವವನು ನಾನು. ತೊಡೆಯ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಲೋಫು ಇರುತ್ತದೆ, ಕೊಲ್ಲಂ ಬರುವಷ್ಟರಲ್ಲಿ ಎದುರಿನ ಸೀಟಿನವರು ಅದೇನೆಂದು ಕೇಳಿಯೇ ಕೇಳುತ್ತಾರೆ. ಕಳೆದ ತಿಂಗಳು ಒಂದು ದಿನ ನನಗೊಂದು ಯೋಚನೆ ಬಂತು. ಈ ಸಲ ಬೇಕೆಂದೇ ಕೆಡಿಸಿ ಒಯ್ದರೆ ಹೇಗೆ? ಪಪ್ಪನ ಕೈ ಮತ್ತೆ ಕೆಟ್ಟಿತು, ಅವರಿಗೆ ಯಾರೂ ಇಲ್ಲ ಎಂದು ಅವಳಿಗೆ ಅನ್ನಿಸಲಿ, ವಾಪಸು ಬಂದರೂ ಬಂದಾಳು. ಕೊಚ್ಚಿದ ಮಾಂಸವನ್ನು ಜರಡಿಗೆ ಸುರಿದು ನಲ್ಲಿಯ ಕೆಳಗೆ ಹಿಡಿದೂ ಆಯಿತು. ನಲ್ಲಿಯ ಮೇಲೆ ಕೈಯೂ ಇಟ್ಟೆ. ಮಗಳು ಬೇಕು ಎನ್ನುವುದು ನಿಜ. ಆದರೆ ಅವಳ ಬಾಯಿಂದ ಇನ್ನೊಮ್ಮೆ ರಬ್ಬರು ಎಂದು ಕೇಳಲು ನನ್ನಿಂದಾಗಲಿಲ್ಲ. ನಲ್ಲಿ ತಿರುಗಿಸದೆ ಜರಡಿಯನ್ನು ಕೆಳಗಿಟ್ಟೆ, ಹಾಲು ಕಾಯಿಸಿ ಬ್ರೆಡ್ಡು ನೆನೆಸಿದೆ, ಮತ್ತು ಆ ವಾರದ ಲೋಫು ಹಿಂದಿನ ಎಲ್ಲಕ್ಕಿಂತ ಚೆನ್ನಾಗಿ ಬಂತು.