ಕೆಳಗಿಳಿದ ತಂಡಕ್ಕೊಂದು ಪಾತ್ರೆ ಗಂಜಿ

ಗೊತ್ತಿಲ್ಲದ ವಿಷಯಕ್ಕೂ ಹೌದೆಂದು ತಲೆಯಾಡಿಸುವುದು ನನ್ನ ಹಳೆಯ ಕಾಯಿಲೆ. ಅಬುಧಾಬಿಯ ನಮ್ಮ ಆಫೀಸಿಗೆ ಹೊಸ ಮ್ಯಾನೇಜರ್ ಆಗಿ ಬಂದ ಜರ್ಮನಿಯ ಕ್ಲೌಸ್ ಸಾಹೇಬರು ಮೊದಲ ದಿನವೇ, "ನಮ್ಮ ಲೀಗ್ ಫುಟ್‌ಬಾಲ್ ನೋಡುತ್ತೀರಾ?" ಎಂದು ಕೇಳಿದಾಗಲೂ ಆಡಿಸಿಬಿಟ್ಟೆ. ನನ್ನ ಕಾಂಟ್ರಾಕ್ಟ್ ಮುಂದುವರಿಸಲು ಸಹಿ ಹಾಕಬೇಕಾದವರು ಅವರೇ. ವೀಸಾ, ಮನೆ, ಮಗಳ ಶಾಲೆ ಎಲ್ಲವೂ ಆ ಒಂದು ಸಹಿಯ ಮೇಲೆ ನಿಂತಿರುವಾಗ ಉಡುಪಿಯ ಯಾವ ಗಂಡಸು ತಾನೇ ಇಲ್ಲ ಎಂದಾನು?

ಅಂದಿನಿಂದ ನನ್ನ ವಿದ್ಯಾಭ್ಯಾಸ ಶುರುವಾಯಿತು. ಲೀಗ್ ಅರವತ್ತರ ದಶಕದಲ್ಲಿ ಹದಿನಾರು ತಂಡಗಳಿಂದ ಆರಂಭವಾದದ್ದು, ಆಗ ಗೆದ್ದರೆ ಎರಡೇ ಅಂಕ ಸಿಗುತ್ತಿದ್ದದ್ದು, ಬರ್ಲಿನ್ ಗೋಡೆ ಬಿದ್ದು ದೇಶ ಒಂದಾದ ಮೇಲೆ ಒಂದೇ ಒಂದು ಸೀಸನ್ ಇಪ್ಪತ್ತು ತಂಡಗಳು ಆಡಿದ್ದು, ಎಲ್ಲವನ್ನೂ ಬಾಯಿಪಾಠ ಮಾಡಿದೆ. ಊಟದ ಹೊತ್ತಿಗೆ ಮಗಳು ಪ್ರಶ್ನೆ ಕೇಳುತ್ತಿದ್ದಳು. ತಪ್ಪಿದರೆ "ಡ್ಯಾಡಿ, ಫೋಕಸ್!" ಎಂದು ಗದರುತ್ತಿದ್ದಳು. ಗಣಿತದ ವಿಷಯದಲ್ಲಿ ನಾನು ಗದರಿದ್ದಕ್ಕೆಲ್ಲ ಅವಳು ಹೀಗೆ ಸೇಡು ತೀರಿಸಿಕೊಂಡಳು. ಇಷ್ಟಾದರೂ ಒಂದೇ ಒಂದು ಪಂದ್ಯ ನೋಡಿರಲಿಲ್ಲ.

ಸೀಸನ್ನಿನ ಕೊನೆಯ ಶನಿವಾರ ಸಂಜೆ ಸಾಹೇಬರು ಪಂದ್ಯ ನೋಡಲು ಮನೆಗೆ ಕರೆದರು. ನಮ್ಮ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲೇ, ಮೂರು ಗಲ್ಲಿ ಆಚೆ ಅವರೊಬ್ಬರೇ ಇರುವ ವಿಲ್ಲಾ. ಅವರ ತಂಡ ಸೋತಿತು. ಪಟ್ಟಿಯ ಕೊನೆಯ ಎರಡು ತಂಡಗಳು ಎರಡನೇ ಡಿವಿಷನ್‌ಗೆ ಇಳಿಯಬೇಕು. ಅದರಲ್ಲಿ ಇದೂ ಒಂದು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ನೋಡಿದ ತಂಡವಂತೆ. ಆ ಆರಡಿ ಮನುಷ್ಯ ತೀರಿಹೋದ ಅಪ್ಪನ ಮಫ್ಲರಿನಲ್ಲಿ ಕಣ್ಣೊರೆಸಿಕೊಂಡರು. ಬಾಯಿಪಾಠ ಮಾಡಿದ ಯಾವ ಸೀಸನ್ನೂ ಸಹಾಯಕ್ಕೆ ಬರಲಿಲ್ಲ.

ಹೊರಗೆ ಬಂದು ಹೆಂಡತಿ ಸುಜಾತಳಿಗೆ ಫೋನ್ ಮಾಡಿದೆ. "ಬೆಳಿಗ್ಗೆಯಿಂದ ಎಂತದೂ ತಿನ್ನಲಿಲ್ಲ ಮಾರಾಯ್ತಿ, ಅಳ್ತಾ ಇದ್ದಾರೆ."

"ಪಾಪ, ದುಃಖದ ಮನೆಯಲ್ಲಿ ಒಲೆ ಹೊತ್ತಿಸ್ಲಿಕ್ಕುಂಟಾ? ನಾನು ಗಂಜಿ ತರ್ತೇನೆ."

"ಯಾರೂ ಸತ್ತದ್ದಲ್ಲ, ಇದು ಫುಟ್‌ಬಾಲ್!"

"ಅಳುವವರಿಗೆ ಎಲ್ಲ ಒಂದೇ ಅಲ್ವಾ?" ಎಂದು ಫೋನಿಟ್ಟಳು.

ಸ್ವಲ್ಪ ಹೊತ್ತಿನಲ್ಲೇ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿಯೊಂದಿಗೆ ಬಂದು, "ಎಂತ ಮಾಡ್ಲಿಕ್ಕಾಗ್ತದೆ ಸರ್, ಉಣ್ಣಿ" ಎಂದು ಕನ್ನಡದಲ್ಲೇ ಹೇಳಿ ಬಡಿಸಿದಳು. ಏನಿದು ಎಂದರು ಸಾಹೇಬರು. ಕಾಂಟ್ರಾಕ್ಟ್ ಖಲಾಸ್ ಎಂದುಕೊಂಡು, ಸಾವಾದ ಮನೆಗೆ ನೆರೆಯವರು ಒಯ್ಯುವ ಊಟ ಎಂದು ನಿಜ ಹೇಳಿದೆ. ಅವರು ಎರಡು ಬಟ್ಟಲು ಉಂಡರು. "ಇವತ್ತು ನನ್ನ ಊರಿನಲ್ಲಿ ಎಲ್ಲ ಮನೆಗೂ ಇದು ಬೇಕಿತ್ತು" ಎಂದರು.

ನನಗೆ ತಡೆಯಲಾಗಲಿಲ್ಲ. "ಸರ್, ನನಗೆ ಫುಟ್‌ಬಾಲ್ ಗೊತ್ತಿಲ್ಲ."

"ನನಗೆ ಗೊತ್ತು. ಎದುರಾಳಿ ಗೋಲು ಹೊಡೆದಾಗ ಚಪ್ಪಾಳೆ ತಟ್ಟಿದಿರಲ್ಲ."

ಸೋಮವಾರ ಅವರು ಸಹಿ ಹಾಕಿದರು. ಕಾಗದ ಕೊಡುತ್ತಾ, "ಇನ್ನು ನಾವು ಎರಡನೇ ಡಿವಿಷನ್ ನೋಡಬೇಕು. ಅದರ ಚರಿತ್ರೆಯೂ ನಿಮಗೆ ಗೊತ್ತಿರಬೇಕಲ್ಲ?" ಎಂದರು. ಗೊತ್ತಿಲ್ಲ ಎಂದು ಒಪ್ಪಿಕೊಂಡು ಎರಡು ದಿನವೂ ಆಗಿರಲಿಲ್ಲ. ಆದರೂ ನನ್ನ ತಲೆ ತನ್ನಷ್ಟಕ್ಕೆ ಹೌದೆಂದು ಆಡಿಬಿಟ್ಟಿತು.