ಪರವಾನಗಿ ಇಲ್ಲದೆ ಮಾತಾಡಿದ ಯಂತ್ರ

ಯಾವ ಕಚೇರಿಯ ಮೆಟ್ಟಿಲು ಹತ್ತಿದರೂ ಅಲ್ಲಿಯವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಅರ್ಜಿ. ನನ್ನ ಮುಖದಲ್ಲೇ ಏನೋ ಐಬು ಇರಬೇಕು.

ಅರವತ್ತರ ದಶಕದ ಮೊದಲ ವರ್ಷಗಳು. ಕುಲಶೇಖರದ ಒಂದು ಶಾಲೆಯಲ್ಲಿ ನಾನು ಹಂಗಾಮಿ ಮಾಸ್ಟರ. ವಾರ್ಷಿಕೋತ್ಸವಕ್ಕೆ ಒಂದು ನಾಟಕ ಬರೆದೆ. ದೂರದ ಒಂದು ಗ್ರಹ. ಅಲ್ಲಿನವರು ಹಿಂದೆ ಯಂತ್ರಗಳ ಕೈಗೆ ತಾವಾಗಿಯೇ ಗುಂಡು ಹಾರಿಸುವ ಕೋವಿ ಕೊಟ್ಟು ಕೆಟ್ಟವರು. ಹಾಗಾಗಿ ಆಲೋಚಿಸುವ ಯಂತ್ರಕ್ಕೆ ನಿಷೇಧ. ಕಲಿಸದ ಒಂದು ಮಾತು ಅದರ ಬಾಯಿಂದ ಬಂದರೂ ನಿಂತಲ್ಲೇ ಬಂಧನ. ಆಗೆಲ್ಲ ನಾಟಕದ ಹಸ್ತಪ್ರತಿಯನ್ನು ಪೊಲೀಸರಿಗೆ ತೋರಿಸಿ ಪರವಾನಗಿ ತರಬೇಕಿತ್ತು. “ಪೊಲೀಸ್ ತಕರಾರು ಬಂದರೆ ಕೆಲಸ ಕಾಯಂ ಆಗುವುದನ್ನು ಮರೆತುಬಿಡಿ” ಎಂದರು ಹೆಡ್ಮಾಸ್ಟರು.

ಠಾಣೆಯಲ್ಲಿ

ಹೆಡ್ ಕಾನ್‌ಸ್ಟೇಬಲರು ಒಂದೊಂದೇ ಪುಟ ಓದಿದರು.

“ನಿಷೇಧ ಅಂತ ಬರೆದಿದ್ದೀರಿ. ಯಾವ ಸರ್ಕಾರದ್ದು?”

“ಆ ಗ್ರಹದ್ದು, ಸರ್.”

“ಆರ್ಡರ್ ಕಾಪಿ ಉಂಟಾ?”

“ಇಲ್ಲ ಸರ್, ಎಲ್ಲ ಕಲ್ಪನೆ.”

“ಕೋವಿ ಉಂಟಲ್ಲ, ಅದಕ್ಕೆ ಲೈಸೆನ್ಸು?”

“ಅದು ಬಿದಿರಿನ ಕೊಳವೆ.”

ಅವರಿಗೆ ಸಮಾಧಾನವಾಗಲಿಲ್ಲ. “ಇದರಲ್ಲಿ ಇಲ್ಲದ ಒಂದು ಮಾತೂ ಸ್ಟೇಜಿನಲ್ಲಿ ಬರಬಾರದು. ನಾನೇ ಬಂದು ಕೂತ್ಕೊಳ್ತೇನೆ” ಎಂದು ಪ್ರತಿ ಪುಟಕ್ಕೂ ಮೊಹರು ಒತ್ತಿದರು. ಕೊನೆಯ ಹಾಳೆ ಖಾಲಿ ಇತ್ತು. ಅದಕ್ಕೂ ಒತ್ತಿದರು.

“ಅದರಲ್ಲಿ ಏನೂ ಇಲ್ಲವಲ್ಲ, ಸರ್?”

“ಅದಕ್ಕೇ ಸಂಶಯ!”

ಕುದ್ರೋಳಿಯಲ್ಲಿ

ಯಂತ್ರದ ವೇಷವನ್ನು ತಗಡಿನಲ್ಲಿ ಮಾಡಿಕೊಟ್ಟವರು ಕುದ್ರೋಳಿಯ ಒಬ್ಬ ಬ್ಯಾರಿ. ಡಬ್ಬ, ಲಾಟೀನು ಮಾಡಿ ಪಳಗಿದ ಕೈ. ಊರಿಗೆಲ್ಲ ಅವರು ಕಾಕ. ಕತೆ ಕೇಳಿ ಸುತ್ತಿಗೆ ಕೆಳಗಿಟ್ಟರು.

“ಇದು ಸ್ವಂತ ಆಲೋಚನೆ ಮಾಡ್ತದಾ ಮಾಷ್ಟ್ರೇ?”

“ನಾಟಕದಲ್ಲಿ ಮಾತ್ರ, ಕಾಕ. ಒಳಗೆ ಇರುವುದು ನಮ್ಮ ಡ್ರಾಯಿಂಗ್ ಮಾಸ್ಟರು.”

“ಮತ್ತೂ ಕಷ್ಟ” ಎಂದವರೇ ವೇಷದ ಬೆನ್ನಿನ ಬಾಗಿಲಿಗೆ ಹೊರಗಿನಿಂದ ಒಂದು ಚಿಲಕ ಜಡಿದರು.

ಮುಂದಿನ ಸಾಲಿನಲ್ಲಿ

ನಾಟಕದ ಸಂಜೆ ವಿಪರೀತ ಸೆಕೆ. ಹೆಡ್ ಕಾನ್‌ಸ್ಟೇಬಲರು ಮುಂದಿನ ಸಾಲಿನಲ್ಲಿ ಹಸ್ತಪ್ರತಿ ಬಿಚ್ಚಿಟ್ಟುಕೊಂಡು, ಪ್ರತಿ ಮಾತಿಗೂ ಬೆರಳು ಓಡಿಸುತ್ತಾ ಕೂತಿದ್ದರು. ಡ್ರಾಯಿಂಗ್ ಮಾಸ್ಟರದು ತುಂಬಿದ ಮೈ. ಎರಡನೇ ದೃಶ್ಯಕ್ಕೆ ಬರುವಾಗ ತಗಡು ಕಾದಿತ್ತು. ಯಂತ್ರ ಗಡಗಡ ಅಲುಗಾಡಿ ಕೂಗಿತು:

“ಬಾಗಿಲು ತೆಗೀರಿ ಮಾರಾಯ್ರೇ! ಉಸಿರು ಕಟ್ತದೆ!”

ಹೆಡ್ ಕಾನ್‌ಸ್ಟೇಬಲರ ಬೆರಳು ನಿಂತಿತು. “ಈ ಮಾತು ಇದರಲ್ಲಿ ಇಲ್ಲ!” ಎಂದು ಗರ್ಜಿಸಿ ವೇದಿಕೆಗೆ ಹಾರಿದರು. ನನ್ನ ಕೆಲಸ ಹೋಯಿತೆಂದೇ ಅಂದುಕೊಂಡೆ.

“ಯಾರು ಕಲಿಸಿದ್ದು ಈ ಮಾತು?” ಎಂದು ಯಂತ್ರದ ತೋಳು ಹಿಡಿದರು.

“ಯಾರೂ ಕಲಿಸಲಿಲ್ಲ, ನಾನೇ ಹೇಳಿದ್ದು!” ಎಂದಿತು ಯಂತ್ರ.

ನಾಟಕದ ಕಾನೂನೇ ಅದಲ್ಲವೇ! ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅವರು ಯಂತ್ರವನ್ನು ಎಳೆದುಕೊಂಡು ಪರದೆಯ ಹಿಂದೆ ಬಂದು ಚಿಲಕ ತೆಗೆದರು. ಡ್ರಾಯಿಂಗ್ ಮಾಸ್ಟರು ಬೆವರಲ್ಲಿ ಮಿಂದು ಹೊರಗೆ ಬಿದ್ದರು. ಅತ್ತ ಮುಖ್ಯ ಅತಿಥಿಗಳು ಪೊಲೀಸ್ ಪಾತ್ರಧಾರಿಗೆ ಬೆಳ್ಳಿಯ ಪದಕ ಘೋಷಿಸಿದರು.

ಪದಕ ಎದೆಯ ಮೇಲೆ ಬಂದ ಮೇಲೆ ಹೆಡ್ ಕಾನ್‌ಸ್ಟೇಬಲರು ನನ್ನನ್ನು ಕರೆದರು. ಹಸ್ತಪ್ರತಿಯ ಖಾಲಿ ಹಾಳೆ ತೆಗೆದು, ಯಂತ್ರದ ಮಾತನ್ನೂ ತಮ್ಮ ಮಾತನ್ನೂ ನೀಟಾಗಿ ಬರೆದರು. ಮೊಹರು ಮೊದಲೇ ಇತ್ತು.

“ಈಗ ಎಲ್ಲ ಇದರಲ್ಲಿ ಉಂಟು. ತಕರಾರಿಲ್ಲ.”

ಅದೇ ತಿಂಗಳು ನನ್ನ ಕೆಲಸ ಕಾಯಂ ಆಯಿತು. ಆದರೆ ಆ ಸಂಜೆ ಹೊರಡುವ ಮೊದಲು ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ್ದರು.

“ಒಂದು ಸತ್ಯ ಹೇಳಿ ಮಾಷ್ಟ್ರೇ. ಹೀಗಾಗ್ತದೆ ಅಂತ ಗೊತ್ತಿದ್ದೇ ನೀವು ಆ ಪುಟ ಖಾಲಿ ಬಿಟ್ಟದ್ದಲ್ವಾ?”