ಬೆಳ್ಳಿಗೆ ಹಾಕಿದ ಪುಡಿಗಳು

ಈ ಸಲ ಕುಂದಾಣದ ಹಾಲು ಕರೆಯುವ ಸ್ಪರ್ಧೆಯ ಬಹುಮಾನ, ಆ ಫಳಫಳ ಹೊಳೆಯುವ ಸ್ಟೀಲ್ ಕ್ಯಾನು, ನಮ್ಮ ಮನೆಗೇ ಬರಬೇಕೆಂದು ನಾನು ಶಪಥ ಮಾಡಿದೆ. ಹಲ್ಲುಜ್ಜುತ್ತ, ಬಾಯಿ ತುಂಬ ನೊರೆ ಇಟ್ಟುಕೊಂಡೇ ಮಾಡಿದ ಘನಘೋರ ಶಪಥ!

ಶಪಥಕ್ಕೆ ತಕ್ಕ ವಿದ್ಯೆಯೂ ನನ್ನಲ್ಲಿತ್ತು. ನಾನು ನೆಲಮಂಗಲದಲ್ಲಿ ಪಶು ಆಹಾರದ ಗೋಡೌನೊಂದರ ಮೇಲ್ವಿಚಾರಕ. ಖನಿಜ ಮಿಶ್ರಣ, ಕ್ಯಾಲ್ಸಿಯಂ, ಕೊಬ್ಬಿನ ಪುಡಿ, ಲಿವರ್ ಟಾನಿಕ್ಕು, ಎಲ್ಲವೂ ನನ್ನ ಕಣ್ಣೆದುರೇ ಲಾರಿ ಹತ್ತಿ ಇಳಿಯುತ್ತವೆ. ಊಟದ ಬಿಡುವಿನಲ್ಲಿ ಚೀಲಗಳ ಬೆನ್ನ ಮೇಲೆ ಬರೆದದ್ದನ್ನು ಓದಿ ಓದಿ ನಾನು ಮುಕ್ಕಾಲು ಪಶುವೈದ್ಯನಾಗಿದ್ದೆ. ಉಳಿದ ಕಾಲು ಭಾಗ ಸರ್ಟಿಫಿಕೇಟು, ಅಷ್ಟೇ.

ಹಸು ಮಾತ್ರ ನನ್ನದಲ್ಲ, ನನ್ನ ಹೆಂಡತಿ ಪ್ರಮೋದಾಳದು. ಕರುವಾಗಿದ್ದಾಗ ನಲ್ಲೂರಿನ ತವರಿನಿಂದ ಕಟ್ಟಿಸಿಕೊಂಡು ಬಂದು, ಬೆಳ್ಳಿ ಎಂದು ಹೆಸರಿಟ್ಟು, ಮಗಳ ಹಾಗೆ ಸಾಕಿದ್ದಾಳೆ. ನಾನು ಯೋಜನೆಯನ್ನು ಅವಳ ಮುಂದಿಟ್ಟೆ.

"ರೀ, ನನ್ನ ಹಸು ತಂಟೆಗೆ ಬರ್ಬೇಡಿ. ಅದ್ರ ಹೊಟ್ಟೆ ಸರಿಯಾಗೇ ಐತೆ. ಕೆಟ್ಟಿರೋದು ನಿಮ್ದು! ದೇವನಹಳ್ಳೀಲಿ ಸ್ಕ್ಯಾನ್ ಮಾಡಿದ ಡಾಕ್ಟ್ರು ಏನಂದ್ರು? ಲಿವರಲ್ಲಿ ಕೊಬ್ಬು ಸೇರ್ಕೊಂಡೈತೆ, ದಿನಾ ನಡೀರಿ ಅಂದ್ರು. ನಡೆದ್ರಾ?"

"ಅದಕ್ಕೇ ಮಾತ್ರೆ ನುಂಗ್ತಿದೀನಲ್ಲ!"

"ಅವ್ರು ಬರ್ಕೊಟ್ಟಿದ್ದಾ ಅವು? ಮೊಬೈಲ್ ನೋಡಿ ನೀವೇ ತರಿಸ್ಕೊಂಡಿದ್ದು! ನಿಮ್ ಹೊಟ್ಟೇಲಿ ಏನ್ ಬೇಕಾದ್ರೂ ಮಾಡ್ಕೊಳ್ಳಿ, ಬೆಳ್ಳಿ ಬಾಯಿಗೆ ಮಾತ್ರ ಏನೂ ಹಾಕ್ಬೇಡಿ."

ಮಹಾಕಾರ್ಯಗಳಿಗೆ ಮನೆಯಲ್ಲೇ ವಿರೋಧ ಹುಟ್ಟುವುದು ಸಹಜ. ನಾನು ಗುಟ್ಟಾಗಿ ಶುರುಮಾಡಿದೆ. ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ, ಗೋಡೌನಿನಿಂದ ಕೊಂಡು ತಂದ ಪುಡಿಗಳನ್ನೆಲ್ಲ ಬೂಸದಲ್ಲಿ ಕಲಸಿ ಬೆಳ್ಳಿಯ ಮುಂದಿಡುತ್ತಿದ್ದೆ. ಮಧ್ಯಾಹ್ನದ ಪಾಳಿಗೆ ನನ್ನ ಅವ್ವ ಸೊಣ್ಣಮ್ಮನನ್ನು ನೇಮಿಸಿದೆ.

"ಒಂದು ಚಮಚ ಸಾಕು ಕಣವ್ವ. ಪ್ರಮೋದಾಗೆ ಹೇಳ್ಬೇಡ."

"ಅವ್ಳಿಗ್ಯಾಕ್ಲಾ ಹೇಳ್ಲಿ? ನಂಗೂ ಹಸು ಸಾಕಕ್ ಬರ್ತದೆ," ಎಂದು ಅವ್ವ ಸೆರಗಿಗೆ ಕೈ ಒರೆಸಿಕೊಂಡು ಡಬ್ಬ ತೆಗೆದುಕೊಂಡಳು.

ಮೊದಲ ವಾರ ಹಾಲು ಒಂದಿಷ್ಟು ಹೆಚ್ಚಿದ ಹಾಗೆ ಕಂಡಿತು. ನನಗೆ ಕಂಡಿತು ಅನ್ನುವುದು ಸರಿ, ಪಾತ್ರೆಗೆ ಕಂಡಿತೋ ಇಲ್ಲವೋ ಗೊತ್ತಿಲ್ಲ. ನಾನಾಗಲೇ ಕ್ಯಾನು ಇಡುವುದಕ್ಕೆ ಅಡುಗೆಮನೆಯಲ್ಲಿ ಜಾಗ ನೋಡತೊಡಗಿದ್ದೆ!

ನಮ್ಮ ಸ್ಪರ್ಧೆಗೊಂದು ಕಟ್ಟುನಿಟ್ಟಿನ ನಿಯಮವಿದೆ. ಹಿಂದಿನ ಸಂಜೆಯೇ ಎಲ್ಲ ಹಸುಗಳನ್ನು ಶಾಲೆಯ ಮೈದಾನಕ್ಕೆ ತಂದು, ತೀರ್ಪುಗಾರರ ಎದುರಿಗೆ ಹಾಲು ಕರೆದು ಕೆಚ್ಚಲು ಬರಿದು ಮಾಡಬೇಕು. ಆಗ ಯಾರೂ ಎರಡು ಹೊತ್ತಿನ ಹಾಲನ್ನು ಕೂಡಿಹಾಕಿ ಮೋಸ ಮಾಡುವಂತಿಲ್ಲ. ಆ ಸಂಜೆ ಸ್ಪರ್ಧೆಯ ಕಮಿಟಿ ಅಧ್ಯಕ್ಷರಾದ ದೊಡ್ಡಮುನಿಯಪ್ಪನವರು ಹೊಸ ಬಿಳಿ ಪಂಚೆಯುಟ್ಟು, ಒಂದೊಂದೇ ಕೆಚ್ಚಲನ್ನು ಬಗ್ಗಿ ಮುಟ್ಟಿ ನೋಡುತ್ತ ನಮ್ಮ ಬೆಳ್ಳಿಯ ಹಿಂದೆ ಬಂದು ನಿಂತರು.

"ಏನಪ್ಪಾ ಸಿದ್ದರಾಜು, ಹಸು ಮಿರಮಿರ ಅಂತೈತೆ. ಏನ್ ಹಾಕ್ತಿದೀಯಾ?"

"ಎಲ್ಲಾ ವೈಜ್ಞಾನಿಕ!" ಎಂದು ನಾನು ಎದೆಯುಬ್ಬಿಸಿದೆ.

ಬೆಳ್ಳಿ ಬಾಲ ಎತ್ತಿತು!

ಸಗಣಿಯೆಂದ ಮೇಲೆ ಅದಕ್ಕೊಂದು ಆಕಾರ, ಒಂದು ಗಾಂಭೀರ್ಯ ಇರುತ್ತದೆ. ಇದು ಪೈಪು ಒಡೆದ ಹಾಗೆ ಬಂತು! ಹೊಸ ಪಂಚೆ ಕ್ಷಣದಲ್ಲಿ ಹಳೆಯದಾಯಿತು. ಮೈದಾನಕ್ಕೆ ಮೈದಾನವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಗುತ್ತಿದ್ದೆ, ಪ್ರಮೋದಾಳ ಮುಖ ನೋಡುವ ತನಕ.

"ರೀ, ನಗ್ಬೇಡಿ. ಇದು ಬೆಳಗ್ಗೆಯಿಂದ ಮೆಲುಕೇ ಹಾಕಿಲ್ಲ," ಎಂದಳು. ಬೆಳ್ಳಿ ತಲೆ ತಗ್ಗಿಸಿ ಹಲ್ಲು ಕಡಿಯುತ್ತಿತ್ತು. ಎಡಗಡೆಯ ಹೊಟ್ಟೆ ಬಿಗಿದು ನಿಂತಿತ್ತು. ಪ್ರಮೋದಾ ಅದರ ಕೊರಳು ತಬ್ಬಿಕೊಂಡು ಅಳತೊಡಗಿದಳು. ನನಗೆ ನಿಜವಾಗಿ ಭಯವಾಯಿತು. ಕ್ಯಾನು ಮನಸ್ಸಿನಿಂದ ಎಲ್ಲಿ ಹೋಯಿತೋ ಏನೋ, ಹಸು ಉಳಿದರೆ ಸಾಕು ಅನ್ನಿಸಿತು.

ಸ್ಪರ್ಧೆಗೆಂದು ಬಂದಿದ್ದ ಪಶುವೈದ್ಯ ವೇಣುಗೋಪಾಲ್ ಓಡಿಬಂದರು. ಹೊಟ್ಟೆಗೆ ಸ್ಟೆತಾಸ್ಕೋಪ್ ಇಟ್ಟು, ಗುದ್ದಿ ನೋಡಿ, ಹುಬ್ಬು ಗಂಟಿಕ್ಕಿದರು.

"ಏನ್ ಹಾಕಿದ್ರಿ ಇದಕ್ಕೆ?"

ತಪ್ಪೊಪ್ಪಿಗೆಗಳು ಸಾಲಾಗಿ ಬಂದವು. ಮೊದಲು ನನ್ನದು, ಎಲ್ಲ ಪುಡಿಗಳ ಹೆಸರೂ ಹೇಳಿದೆ. ಆಮೇಲೆ ಅವ್ವನದು.

"ಚಮಚ ಎಲ್ ಸಾಲ್ತದೆ ಸ್ವಾಮಿ, ಅಷ್ಟು ದೊಡ್ಡ ಹೊಟ್ಟೇಗೆ? ಒಂದೊಂದು ಹಿಡಿ ಹಾಕ್ದೆ. ಜೊತೆಗೆ ಟಾನಿಕ್ಕೂ ಬಗ್ಗಿಸ್ದೆ."

ಕೊನೆಗೆ ಪ್ರಮೋದಾ ಕಣ್ಣೊರೆಸಿಕೊಂಡು ಹೇಳಿದಳು: "ಯಾಕೋ ಮಂಕಾಗೈತೆ ಅಂತ ನಾನು ಸಂಜೆ ಸಂಜೆ ರಾಗಿ ಗಂಜಿ, ಹಿಂಡಿ ಜಾಸ್ತಿ ಕೊಟ್ಟೆ ಸಾರ್. ಇವ್ರು ಹಾಕ್ತಿದ್ದಿದ್ದು ನಂಗೇನ್ ಗೊತ್ತು?"

ಡಾಕ್ಟರು ನಮ್ಮ ಮೂವರನ್ನೂ ಒಂದು ಸುತ್ತು ನೋಡಿದರು.

"ನೋಡಿ, ಹಸು ಹೊಟ್ಟೇಲಿ ಹುಲ್ಲು ಅರಗಿಸೋ ಸೂಕ್ಷ್ಮಜೀವಿಗಳಿರ್ತವೆ. ನೀವು ಗಂಜಿ ಹಾಕಿ ಹುಳಿ ಮಾಡಿದ್ರಿ, ಕೊಬ್ಬು ಹಾಕಿ ಅವುಗಳ ಉಸಿರು ಕಟ್ಟಿಸಿದ್ರಿ. ಹೀಗೇ ಬಿಟ್ಟಿದ್ರೆ ಲಿವರ್‌ಗೂ ಏಟು ಬೀಳ್ತಿತ್ತು. ಖನಿಜ ಮಿಶ್ರಣ ಒಳ್ಳೇದೇ, ಅಳತೇಲಿ ಕೊಟ್ರೆ. ಲಿವರ್ ಏನ್ ಗೋಡೌನ್ ಅನ್ಕೊಂಡ್ರಾ, ಬಂದಿದ್ದನ್ನೆಲ್ಲ ಇಳಿಸ್ಕೊಳ್ಳೋಕೆ?"

ಆ ಕೊನೆಯ ಮಾತಿಗೆ ಜನ ನನ್ನತ್ತ ತಿರುಗಿ ಇನ್ನೊಂದು ಸಲ ನಕ್ಕರು!

ಡಾಕ್ಟರು ಅಡುಗೆ ಸೋಡ ಕದಡಿ ಕುಡಿಸಿದರು, ಇಂಜೆಕ್ಷನ್ ಕೊಟ್ಟರು. "ಪುಡಿ, ಟಾನಿಕ್ಕು, ಗಂಜಿ ಎಲ್ಲಾ ಬಂದ್. ಒಣಹುಲ್ಲು, ನೀರು. ಸಂಜೆ ನಿಧಾನವಾಗಿ ಕೆರೆ ಏರಿ ತನಕ ನಡೆಸ್ಕೊಂಡು ಬನ್ನಿ. ಅಷ್ಟೇ ಔಷಧಿ," ಎಂದರು.

ಪ್ರಮೋದಾಳ ಕಣ್ಣೀರು ಥಟ್ಟನೆ ನಿಂತಿತು. ಅವಳು ನನ್ನನ್ನು ತಲೆಯಿಂದ ಹೊಟ್ಟೆಯವರೆಗೆ ನೋಡಿದಳು. ಹೊಟ್ಟೆಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

ಮರುದಿನ ಸ್ಪರ್ಧೆ ನಮ್ಮನ್ನು ಬಿಟ್ಟೇ ನಡೆಯಿತು, ಇತ್ತ ಬೆಳ್ಳಿ ಮೆಲುಕು ಹಾಕಿತು. ಮನೆಯವರೆಲ್ಲ ಕೊಟ್ಟಿಗೆಯಲ್ಲಿ ಕೂತು ಅದರ ದವಡೆಯಾಡುವುದನ್ನೇ ಕಣ್ತುಂಬ ನೋಡಿದೆವು. ಅಷ್ಟು ಒಳ್ಳೆಯ ಸಿನಿಮಾವನ್ನು ನಾನು ಈಚೆಗೆ ನೋಡಿಲ್ಲ. ಅದೇ ಹೊತ್ತಿಗೆ ನನ್ನ ಮಾತ್ರೆ ಡಬ್ಬಗಳೆಲ್ಲ ಕಪಾಟಿನಿಂದ ಮಾಯವಾಗಿದ್ದವು. ಸಂಜೆ ಗೋಡೌನಿನಿಂದ ಬಂದವನ ಕೈಗೆ ಪ್ರಮೋದಾ ಬೆಳ್ಳಿಯ ಹಗ್ಗ ಕೊಟ್ಟು, "ನಡೀರಿ," ಎಂದಳು.

ಅವತ್ತಿನಿಂದ ದಿನವೂ ಸಂಜೆ ನಮ್ಮ ಮೂವರ ಮೆರವಣಿಗೆ. ಮುಂದೆ ಬೆಳ್ಳಿ, ಅದರ ಹಗ್ಗ ಹಿಡಿದು ಏದುಸಿರು ಬಿಡುವ ನಾನು, ಹಿಂದೆ ಪ್ರಮೋದಾ. ಮೊನ್ನೆ ಕೆರೆ ಏರಿಯ ಮೇಲೆ ದೊಡ್ಡಮುನಿಯಪ್ಪನವರು ಎದುರಾದರು. ಬೆಳ್ಳಿಯನ್ನು ಕಂಡೊಡನೆ ಪಂಚೆ ಎತ್ತಿ ಕಟ್ಟಿ, ದೂರದಲ್ಲೇ ನಿಂತು ಕೇಳಿದರು: "ಏನ್ ತಾಯಿ, ಇನ್ನೂ ನಡೆಸ್ತಿದೀಯಾ? ಹಸು ಇನ್ನೂ ವಾಸಿ ಆಗಿಲ್ವಾ?"

"ಹಸು ವಾಸಿಯಾಗಿ ಬಾಳ ದಿನ ಆಯ್ತು ಮಾವ," ಎಂದಳು ಪ್ರಮೋದಾ. "ಇವ್ರನ್ನ ಒಬ್ಬರನ್ನೇ ಬಿಟ್ರೆ ಬೋಂಡಾ ಅಂಗಡಿ ಹತ್ರ ನಿಂತ್ಬಿಡ್ತಾರೆ. ಅದಕ್ಕೇ ಎಳ್ಕೊಂಡು ಹೋಗಕ್ಕೆ ಬೆಳ್ಳೀನ ಕರ್ಕೊಂಡು ಬರ್ತೀನಿ."